ಬಟ್ಟೆ ಮತ್ತು ರಿಬ್ಬನ್ ಹೂ ಮಾಡುವುದು ಹೇಗೆ: ಅಂಚು ಹಿಡಿತಕ್ಕೆ ಬಂದರೆ ಹೂ ಕೈಗೆ ಬಂದಂತೆ

ಬಟ್ಟೆಯಲ್ಲಿ ಹೂ ಮಾಡಲು ಕೂತವರನ್ನು ಮೊದಲು ಕಾಡುವುದು ಎಳೆ. ಕತ್ತರಿ ಆಡಿಸಿದ ಕಡೆಯೆಲ್ಲ ಬಟ್ಟೆ ಎಳೆ ಬಿಡುತ್ತದೆ. ಎಸಳಿನ ಆಕಾರ ಎಷ್ಟೇ ಚೆನ್ನಾಗಿ ಬಂದಿರಲಿ, ಅಂಚಿನಲ್ಲಿ ನಾಲ್ಕು ಎಳೆ ಹೊರಗೆ ಇಣುಕಿದರೆ ಸಾಕು, ಹೊಸ ಹೂವೂ ಹಳೆಯದಾಗಿ ಕಾಣುತ್ತದೆ.

ಬಟ್ಟೆ ಹೂವಿನಲ್ಲಿ ನೂರಾರು ಬಗೆಗಳಿವೆ. ಎಲ್ಲವನ್ನೂ ಕಲಿಯಬೇಕಿಲ್ಲ. ಸರಿಯಾಗಿ ನೋಡಿದರೆ ಅವೆಲ್ಲ ಒಂದೇ ಪ್ರಶ್ನೆಗೆ ಉತ್ತರ ಹುಡುಕುತ್ತವೆ: ಕತ್ತರಿಸಿದ ಅಂಚನ್ನು ಏನು ಮಾಡುವುದು? ಬೆಂಕಿಯ ಶಾಖಕ್ಕೆ ಹಿಡಿದು ಅಂಚನ್ನು ಕರಗಿಸಬಹುದು. ಮಡಚಿ ಒಳಗೆ ಮುಚ್ಚಿಡಬಹುದು. ಇಲ್ಲವೇ ನೇಯುವಾಗಲೇ ಅಂಚು ಕಟ್ಟಿದ ರಿಬ್ಬನ್ ತಂದು, ಕತ್ತರಿಸುವ ಕೆಲಸವನ್ನೇ ಕಡಿಮೆ ಮಾಡಬಹುದು. ಈ ಮೂರನ್ನು ಅರ್ಥ ಮಾಡಿಕೊಂಡರೆ ಯಾವ ಚೂರು ಬಟ್ಟೆ ಸಿಕ್ಕಿದರೂ ಅದರಿಂದ ಯಾವ ಹೂ ಆಗುತ್ತದೆ ಎಂದು ನೀವೇ ಹೇಳಬಲ್ಲಿರಿ. ಈ ಬರಹ ಅದೇ ಜಾಡಿನಲ್ಲಿ ಸಾಗುತ್ತದೆ.

ಮೊದಲು ಬಟ್ಟೆಯ ಗುಣ ತಿಳಿಯಿರಿ

ಕತ್ತರಿ ಹಿಡಿಯುವ ಮೊದಲು ಬಟ್ಟೆ ಯಾವ ನೂಲಿನದು ಎಂದು ಗೊತ್ತಾಗಬೇಕು. ಅಂಗಡಿಯವರು ಹೇಳಿದ್ದನ್ನು ನಂಬಿ ಕೂರಬೇಡಿ. ‘ಆರ್ಟ್ ಸಿಲ್ಕ್’, ಅಂದರೆ ಕೃತಕ ರೇಷ್ಮೆ, ಎಂದು ಮಾರುವ ಬಟ್ಟೆ ಪಾಲಿಯೆಸ್ಟರ್ ಇರಬಹುದು, ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ಕೂಡ ಇರಬಹುದು. ನೋಡಲು ಎರಡೂ ಒಂದೇ ತರಹ ಹೊಳೆಯುತ್ತವೆ. ಆದರೆ ಬೆಂಕಿಯ ಹತ್ತಿರ ಹೋದಾಗ ಒಂದು ಕರಗುತ್ತದೆ, ಇನ್ನೊಂದು ಧಗ್ಗೆಂದು ಹೊತ್ತಿಕೊಳ್ಳುತ್ತದೆ.

ಪರೀಕ್ಷೆ ಸುಲಭ. ಒಂದು ಸ್ಟೀಲ್ ತಟ್ಟೆ, ಪಕ್ಕದಲ್ಲಿ ಒಂದು ಬಟ್ಟಲು ನೀರು, ಉದ್ದನೆಯ ಚಿಮಟ ಇಟ್ಟುಕೊಳ್ಳಿ. ಬೆರಳಗಲದ ಚೂರನ್ನು ಚಿಮಟದಲ್ಲಿ ಹಿಡಿದು ಮೇಣದ ಬತ್ತಿಗೆ ತೋರಿಸಿ.

ಹತ್ತಿ ಬೇಗ ಉರಿಯುತ್ತದೆ, ಕಾಗದ ಸುಟ್ಟ ವಾಸನೆ ಬರುತ್ತದೆ, ಮೆತ್ತಗಿನ ಬೂದಿ ಉಳಿಯುತ್ತದೆ. ವಿಸ್ಕೋಸ್ ಕೂಡ ಹೀಗೇ. ಅಪ್ಪಟ ರೇಷ್ಮೆ ನಿಧಾನವಾಗಿ ಉರಿಯುತ್ತದೆ, ಬೆಂಕಿಯಿಂದ ದೂರ ತಂದರೆ ಸಾಮಾನ್ಯವಾಗಿ ತಾನೇ ಆರುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ. ಉಳಿದ ಕಪ್ಪು ಕರಿಯನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಬೆಂಕಿ ಕಂಡರೆ ಮುದುಡಿ ಹಿಂದೆ ಸರಿಯುತ್ತದೆ, ಕರಗುತ್ತದೆ, ತಣ್ಣಗಾದ ಮೇಲೆ ಗಟ್ಟಿ ಮಣಿಯಂತೆ ನಿಲ್ಲುತ್ತದೆ. ಅದು ಪೂರ್ತಿ ತಣ್ಣಗಾಗುವವರೆಗೆ ಮುಟ್ಟಬೇಡಿ.

ಕರಗುವ ಬಟ್ಟೆಗೆ ಸುಡುವ ವಿಧಾನ. ಉರಿಯುವ ಬಟ್ಟೆಗೆ ಮಡಚುವ ವಿಧಾನ. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ಬಟ್ಟೆಯನ್ನು ಸುಡಲು ಹೋಗಬೇಡಿ, ಅಂಚು ಒಮ್ಮೆ ಕರಗಿ ಒಮ್ಮೆ ಕರಕಲಾಗಿ ಕೊಳಕಾಗುತ್ತದೆ. ಅದನ್ನೂ ಮಡಚಿಯೇ ಬಳಸಿ.

ಇವೆರಡರ ಗೋಜೂ ಇಲ್ಲದ ಬಟ್ಟೆಗಳೂ ಇವೆ. ಫೆಲ್ಟ್ ಎಂಬ ಮೆತ್ತನೆಯ ದಪ್ಪ ಬಟ್ಟೆ ನೇಯ್ದದ್ದಲ್ಲ, ನಾರುಗಳನ್ನು ಒತ್ತಿ ಮಾಡಿದ್ದು. ಅದು ಎಳೆಯನ್ನೇ ಬಿಡುವುದಿಲ್ಲ. ನೆಟ್ ಬಟ್ಟೆಯೂ ಅಷ್ಟೇ. ಮಕ್ಕಳ ಜೊತೆ ಕೂತು ಮಾಡುವುದಾದರೆ ಫೆಲ್ಟ್‌ನಿಂದಲೇ ಶುರು ಮಾಡಿ.

ಬೇಕಾಗುವ ಸಾಮಾನು

ಬಟ್ಟೆಗೆಂದೇ ಮೀಸಲಾದ ಒಂದು ಹರಿತ ಕತ್ತರಿ ಬೇಕು. ಅದರಲ್ಲಿ ಕಾಗದ ಕತ್ತರಿಸಬಾರದು, ಮನೆಯಲ್ಲಿ ಯಾರಿಗೂ ಕತ್ತರಿಸಲು ಬಿಡಬಾರದು. ಮೊಂಡು ಕತ್ತರಿ ಬಟ್ಟೆಯನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ. ಅರ್ಧ ಎಳೆ ಅಲ್ಲೇ ಬಿಡಲು ಶುರುವಾಗುತ್ತದೆ.

ತೆಳು ಸೂಜಿ, ಬಟ್ಟೆಯ ಬಣ್ಣದ ಗಟ್ಟಿ ಪಾಲಿಯೆಸ್ಟರ್ ದಾರ, ಗುಂಡುಪಿನ್ನು, ಅಳತೆಪಟ್ಟಿ, ಟೈಲರ್ ಚಾಕ್, ಮೇಣದ ಬತ್ತಿ, ಚಿಮಟ, ಹಿಂಬದಿಗೆ ಹಾಕಲು ಸ್ವಲ್ಪ ಫೆಲ್ಟ್, ಮಧ್ಯಕ್ಕೆ ಮುತ್ತು ಅಥವಾ ಗುಂಡಿ. ಬಿಸಿ ಅಂಟು ಹಾಕುವ ಗ್ಲೂ ಗನ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಎಸಳಿನ ಅಚ್ಚುಗಳಿಗೆ ಹಳೆಯ ಲಗ್ನಪತ್ರಿಕೆಗಳಿಗಿಂತ ಒಳ್ಳೆಯ ರಟ್ಟು ಇನ್ನೊಂದಿಲ್ಲ. ಗಟ್ಟಿಯಾಗಿರುತ್ತವೆ, ಅಂಚು ಬೇಗ ಸವೆಯುವುದಿಲ್ಲ. ಪ್ರತಿ ಅಚ್ಚಿನ ಮೇಲೂ ಅಳತೆ, ಎಷ್ಟು ಎಸಳು ಬೇಕು ಎಂದು ಬರೆದು ಒಂದು ಕವರಿನಲ್ಲಿಡಿ.

ಸ್ಯಾಟಿನ್ ರಿಬ್ಬನ್ ಕಾಲು ಇಂಚು, ಅರ್ಧ ಇಂಚು, 1 ಇಂಚು, ಒಂದೂವರೆ ಇಂಚು, 2 ಇಂಚು ಅಗಲಗಳಲ್ಲಿ ಸಿಗುತ್ತದೆ. ಹೊಸಬರಿಗೆ 1 ಇಂಚಿನದು ಸರಿ. ಕೊಳ್ಳುವಾಗ ಎರಡು ವಿಷಯ ನೋಡಿ. ಒಂದು, ಹೊಳಪು ಎರಡೂ ಕಡೆ ಇದೆಯೋ ಒಂದೇ ಕಡೆಯೋ. ತಿರುಗಿಸಿ ಸುತ್ತುವ ಗುಲಾಬಿಯಲ್ಲಿ ಹಿಂಬದಿಯೂ ಕಾಣುತ್ತದೆ, ಹಾಗಾಗಿ ಎರಡೂ ಕಡೆ ಹೊಳಪಿರುವುದು ಚೆನ್ನ. ಎರಡು, ಅಂಚು ನೇಯ್ದದ್ದೋ, ಅಗಲ ಬಟ್ಟೆಯನ್ನು ಸೀಳಿ ಮಾಡಿದ್ದೋ. ಉಗುರಿನಿಂದ ಅಂಚನ್ನು ಮೆಲ್ಲಗೆ ಕೆರೆಯಿರಿ. ಎಳೆ ಬಿಟ್ಟರೆ ಅದು ಸೀಳಿದ ರಿಬ್ಬನ್. ಕಡಿಮೆ ಬೆಲೆಗೆ ಸಿಗುತ್ತದೆ, ಆದರೆ ಹೂವಿಗೆ ಬೇಡ.

ಬೆಂಗಳೂರಿನವರಿಗೆ ಚಿಕ್ಕಪೇಟೆ, ಮಾಮೂಲ್‌ಪೇಟೆ ಸುತ್ತಿದರೆ ಎಲ್ಲವೂ ಸಿಗುತ್ತದೆ. ಬೇರೆ ಊರುಗಳಲ್ಲಿ ಫ್ಯಾನ್ಸಿ ಸ್ಟೋರ್, ಬ್ಲೌಸ್ ಮ್ಯಾಚಿಂಗ್ ಅಂಗಡಿ ಸಾಕು. ಇನ್ನು ಚೂರು ಬಟ್ಟೆಗೆ ನಿಮ್ಮ ಟೈಲರ್ ಅಕ್ಕನನ್ನೇ ಕೇಳಿ. ರವಿಕೆ ಹೊಲಿದು ಉಳಿದ ರೇಷ್ಮೆ, ಕಾಟನ್, ಗುಳೇದಗುಡ್ಡದ ಖಣದ ತುಂಡುಗಳು ಮೂಟೆಗಟ್ಟಲೆ ಇರುತ್ತವೆ. ಅಂಗೈಯಗಲದ ತುಂಡಿನಲ್ಲೂ ಒಂದು ಎಸಳು ಬರುತ್ತದೆ.

ರಿಬ್ಬನ್ ಗುಲಾಬಿ

ಇದನ್ನು ನಿಧಾನವಾಗಿ ಕಲಿಯಿರಿ. ಕೈಗೆ ಪಳಗಿಸಿಕೊಳ್ಳುವುದು ಒಂದೇ ಚಲನೆ: ಮಡಚು, ಸುತ್ತು, ಹೊಲಿ.

1 ಇಂಚಿನ ರಿಬ್ಬನ್ 60 ಸೆಂ.ಮೀ. ಕತ್ತರಿಸಿ. ಎರಡೂ ತುದಿಗಳನ್ನು ಮೇಣದ ಬತ್ತಿಯ ಬಿಸಿಗೆ ಒಂದು ಕ್ಷಣ ತೋರಿಸಿ, ಎಳೆ ನಿಲ್ಲುತ್ತದೆ. ಸೂಜಿಗೆ ಜೋಡಿ ದಾರ ಪೋಣಿಸಿ ಗಂಟು ಹಾಕಿ ಪಕ್ಕದಲ್ಲಿಡಿ. ಆಮೇಲೆ ಹುಡುಕಲು ಕೈ ಬಿಡುವಿರುವುದಿಲ್ಲ.

1. ರಿಬ್ಬನ್ನನ್ನು ಅಡ್ಡಲಾಗಿ ಹಿಡಿಯಿರಿ. ಬಲ ತುದಿಯನ್ನು ಓರೆಯಾಗಿ ಕೆಳಕ್ಕೆ ಮಡಚಿ, ಸುಮಾರು 4 ಸೆಂ.ಮೀ. ಬಾಲ ಕೆಳಗೆ ನೇತಾಡಲಿ. ಈ ಬಾಲವೇ ನಿಮ್ಮ ಹಿಡಿಕೆ.

2. ಮಡಿಕೆಯ ಬಲ ಅಂಚಿನಿಂದ ಎಡಕ್ಕೆ ಬಿಗಿಯಾಗಿ ನಾಲ್ಕೈದು ಸುತ್ತು ಸುತ್ತಿ. ಇದು ಗುಲಾಬಿಯ ನಡು. ಬುಡದಲ್ಲಿ ಎಲ್ಲ ಪದರಗಳನ್ನೂ ಸೇರಿಸಿ ಎರಡು ಹೊಲಿಗೆ ಹಾಕಿ.

3. ಈಗ ಎಡಕ್ಕೆ ಉಳಿದ ರಿಬ್ಬನ್ನಿನ ಮೇಲಂಚನ್ನು ನಿಮ್ಮಿಂದ ಆಚೆಗೆ, ಹಿಂದಕ್ಕೆ, ಓರೆಯಾಗಿ ಮಡಚಿ. ರಿಬ್ಬನ್ ಕೆಳಮುಖವಾಗಿ ಇಳಿಯುತ್ತದೆ.

4. ನಡುವಿನ ಸುರುಳಿಯನ್ನು ಈ ಓರೆ ಮಡಿಕೆಯ ಮೇಲೆ ಉರುಳಿಸಿ. ಮಡಿಕೆ ಮುಗಿದು ರಿಬ್ಬನ್ ಮತ್ತೆ ನೇರವಾದಾಗ ನಿಲ್ಲಿಸಿ. ಒಂದು ಎಸಳು ಬಂತು. ಬುಡದಲ್ಲಿ ಹೊಲಿಗೆ ಹಾಕಿ.

5. ಮತ್ತೆ ಹಿಂದಕ್ಕೆ ಮಡಚಿ, ಉರುಳಿಸಿ, ಹೊಲಿಯಿರಿ. ರಿಬ್ಬನ್ ಮುಗಿಯುವವರೆಗೆ ಹೀಗೇ. ಕೊನೆಯ ತುದಿಯನ್ನು ಓರೆಯಾಗಿ ಕೆಳಗೆ ಇಳಿಸಿ ಬುಡಕ್ಕೆ ಹೊಲಿದು, ಹೆಚ್ಚಾದ ಬಾಲ ಕತ್ತರಿಸಿ, ಅಂಚು ಸುಟ್ಟುಬಿಡಿ.

ಹೂ ಚೆನ್ನಾಗಿ ಬರುವುದು, ಬಾರದಿರುವುದು ಮೂರು ಕಡೆ ತೀರ್ಮಾನವಾಗುತ್ತದೆ. ಬುಡ ಯಾವಾಗಲೂ ಒಂದೇ ಮಟ್ಟದಲ್ಲಿರಬೇಕು. ಪ್ರತಿ ಸುತ್ತೂ ಸ್ವಲ್ಪ ಸ್ವಲ್ಪ ಕೆಳಗೆ ಜಾರಿದರೆ ಗುಲಾಬಿಯ ಬದಲು ಶಂಕು ಬರುತ್ತದೆ. ನಡು ಬಿಗಿಯಾಗಿರಲಿ, ಹೊರಗೆ ಬಂದಂತೆ ಕೈ ಸಡಿಲ ಬಿಡಿ, ನಿಜವಾದ ಗುಲಾಬಿಯೂ ಹಾಗೇ ಅರಳುವುದು. ಹೊಲಿಗೆಯನ್ನು ಪ್ರತಿ ಎಸಳಿಗೂ ಹಾಕಿ. ಪೂರ್ತಿ ಸುತ್ತಿ ಕೊನೆಗೆ ಒಟ್ಟಿಗೆ ಹೊಲಿದರಾಯಿತು ಅನ್ನುವವರ ಹೂ ಕ್ಲಿಪ್ಪಿಗೆ ಹಾಕಿದ ವಾರದಲ್ಲೇ ನಡು ಹೊರಗೆ ಜಾರಿ ಬರುತ್ತದೆ.

ಮಡಿಕೆಗಳು ಎಲ್ಲವೂ ಒಂದೇ ಅಳತೆ ಇರಬೇಕಿಲ್ಲ. ಒಂದು ದೊಡ್ಡದು, ಒಂದು ಚಿಕ್ಕದು ಬಂದರೆ ಹೂವಿಗೆ ಜೀವ ಬರುತ್ತದೆ. ಮೊಗ್ಗು ಬೇಕಿದ್ದರೆ 25 ಸೆಂ.ಮೀ. ರಿಬ್ಬನ್ ಸಾಕು, ಎರಡು ಮೂರು ಎಸಳಿಗೇ ನಿಲ್ಲಿಸಿ.

ಇದು ಕಷ್ಟ ಅನ್ನಿಸಿದರೆ ಸುಲಭದ ದಾರಿಯೂ ಇದೆ. ರಿಬ್ಬನ್ನಿನ ಒಂದು ಅಂಚಿನುದ್ದಕ್ಕೂ ಕಚ್ಚಾ ಹೊಲಿಗೆ ಹಾಕಿ, ದಾರ ಎಳೆದು ನೆರಿಗೆ ಮಾಡಿ, ಹಾಗೇ ಸುತ್ತಿ ಬುಡ ಹೊಲಿಯಿರಿ. ಗುಲಾಬಿಗಿಂತ ಇದು ಸೀಮೆ ಸೇವಂತಿಗೆಗೆ ಹತ್ತಿರ. ಹೇರ್‌ಬ್ಯಾಂಡ್ ಮೇಲೆ ಸಾಲಾಗಿ ಇಡಲು ಚೆನ್ನಾಗಿರುತ್ತದೆ.

ಅಂಚು ಸುಟ್ಟು ಮಾಡುವ ಹೂ

ಪಾಲಿಯೆಸ್ಟರ್ ಸ್ಯಾಟಿನ್, ಆರ್ಗಂಜಾ, ಶಿಫಾನ್‌ಗೆ ಇದು ಹೇಳಿ ಮಾಡಿಸಿದ ವಿಧಾನ. ಬಿಸಿ ತಗುಲಿದಾಗ ಅಂಚು ಕರಗಿ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಜೊತೆಗೆ ಬಟ್ಟೆ ಕುಗ್ಗಿ ಎಸಳಿಗೆ ತಾನಾಗಿ ಬಾಗು ಬರುತ್ತದೆ. ಒಂದೇ ಕೆಲಸದಲ್ಲಿ ಎರಡು ಲಾಭ.

ಮೊದಲು ಎಚ್ಚರಿಕೆ, ಇದನ್ನು ದಯವಿಟ್ಟು ಹಾರಿಸಿ ಓದಬೇಡಿ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕರಗುತ್ತದೆ. ಆ ಬಿಸಿಯ ಹನಿ ಬೆರಳಿಗೆ ತಗುಲಿದರೆ ಅಂಟಿಕೊಂಡೇ ಸುಡುತ್ತದೆ. ಕೂದಲು ಕಟ್ಟಿಕೊಳ್ಳಿ. ನೈಲಾನ್ ದುಪ್ಪಟ್ಟ, ಸಿಂಥೆಟಿಕ್ ಸೀರೆಯ ಸೆರಗು ಹತ್ತಿರ ಬರಬಾರದು, ಹತ್ತಿ ಬಟ್ಟೆ ಹಾಕಿಕೊಂಡು ಕೂರಿ. ಕಿಟಕಿ ತೆರೆದಿರಲಿ, ಫ್ಯಾನ್ ನಿಲ್ಲಿಸಿ. ಮೇಣದ ಬತ್ತಿಯನ್ನು ನೀರು ಹಾಕಿದ ತಟ್ಟೆಯ ನಡುವೆ ನಿಲ್ಲಿಸಿ. ಕತ್ತರಿಸಿದ ಚೂರುಗಳ ರಾಶಿ ಮೇಜಿನ ಮೇಲೆ ಬೇಡ. ಚಿಕ್ಕ ಮಕ್ಕಳಿಗೆ ಈ ಕೆಲಸ ಕೊಡಲೇಬಾರದು. ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಚರ್ಮಕ್ಕೆ ಅಂಟಿದ್ದನ್ನು ಕಿತ್ತು ತೆಗೆಯಬೇಡಿ, ವೈದ್ಯರಿಗೆ ತೋರಿಸಿ.

ಈಗ ಹೂವಿಗೆ ಬನ್ನಿ. ರಟ್ಟಿನಲ್ಲಿ 9, 8, 7, 6, 5 ಸೆಂ.ಮೀ. ಅಡ್ಡಳತೆಯ ಐದು ವೃತ್ತಗಳ ಅಚ್ಚು ಮಾಡಿ. ಪ್ರತಿ ಅಳತೆಯಲ್ಲೂ ಎರಡೆರಡು ಬಟ್ಟೆ ಕತ್ತರಿಸಿ, ಒಟ್ಟು ಹತ್ತು. ವೃತ್ತ ಅಚ್ಚುಕಟ್ಟಾಗಿ ಇರಬೇಕೆಂದಿಲ್ಲ, ಸ್ವಲ್ಪ ಸೊಟ್ಟಗಿದ್ದರೆ ಇನ್ನೂ ಚೆನ್ನ. ಪ್ರತಿ ವೃತ್ತಕ್ಕೂ ಅಂಚಿನಿಂದ ಒಳಕ್ಕೆ ಐದು ಸೀಳು ಕೊಡಿ. ನಡುವೆ ಸುಮಾರು 2 ಸೆಂ.ಮೀ. ಹಾಗೇ ಉಳಿಯಲಿ. ಸೀಳಿನ ಎರಡೂ ಮೂಲೆಗಳನ್ನು ಕತ್ತರಿಯಲ್ಲಿ ದುಂಡಗೆ ಮಾಡಿದರೆ ಎಸಳು ಕಾಣುತ್ತದೆ.

ಅಂಚನ್ನು ಜ್ವಾಲೆಯೊಳಗೆ ಇಡಬೇಡಿ, ಅದರ ಪಕ್ಕದ ಬಿಸಿ ಸಾಕು. ಜ್ವಾಲೆಯ ತುದಿಗೆ ಹಿಡಿದರೆ ಮಸಿ ಹಿಡಿಯುತ್ತದೆ. ಬಿಳಿ ಬಟ್ಟೆಯಲ್ಲಿ ಆ ಮಸಿ ಹೋಗುವುದೇ ಇಲ್ಲ. ಬತ್ತಿಯ ಕರಿ ತುದಿಯನ್ನು ಆಗಾಗ ಕತ್ತರಿಸಿ ಚಿಕ್ಕದು ಮಾಡಿದರೆ ಹೊಗೆ ಕಡಿಮೆ. ಕೈ ನಿಲ್ಲಬಾರದು, ಅಂಚು ಸದಾ ಚಲಿಸುತ್ತಿರಬೇಕು. ಸೀಳಿನ ಒಳಬದಿಯನ್ನೂ ಮರೆಯಬೇಡಿ, ಎಳೆ ಬಿಡುವುದು ಅಲ್ಲಿಂದಲೇ. ಬಟ್ಟೆ ಯಾವ ಕಡೆಗೆ ಬಾಗುತ್ತದೆ, ಎಷ್ಟು ಬೇಗ ಬಾಗುತ್ತದೆ ಅನ್ನುವುದು ನೇಯ್ಗೆ ಮತ್ತು ದಪ್ಪದ ಮೇಲೆ ಹೋಗುತ್ತದೆ. ಹಾಗಾಗಿ ಹೊಸ ಬಟ್ಟೆ ಹಿಡಿದಾಗಲೆಲ್ಲ ಒಂದು ಚೂರಿನಲ್ಲಿ ಮೊದಲು ನೋಡಿಕೊಳ್ಳಿ. ಆರ್ಗಂಜಾ ಸ್ಯಾಟಿನ್‌ಗಿಂತ ಬೇಗ ಮುದುಡುತ್ತದೆ.

ದೊಡ್ಡ ವೃತ್ತ ಕೆಳಗೆ, ಚಿಕ್ಕದು ಮೇಲೆ ಜೋಡಿಸಿ. ಕೆಳಗಿನ ಪದರದ ಎರಡು ಎಸಳಿನ ನಡುವಿನ ಸಂದಿನ ಮೇಲೆ ಮೇಲಿನ ಪದರದ ಎಸಳು ಬರಲಿ. ನಡುವೆ ಸೂಜಿ ತೂರಿಸಿ, ಮುತ್ತು ಪೋಣಿಸಿ, ಮತ್ತೆ ಕೆಳಗೆ ಇಳಿಸಿ ಬಿಗಿಯಿರಿ. ಮೂರೋ ಐದೋ ಮುತ್ತು ಒತ್ತೊತ್ತಾಗಿ ಬಂದರೆ ಒಂದೇ ದೊಡ್ಡ ಮುತ್ತಿಗಿಂತ ಸಹಜವಾಗಿ ಕಾಣುತ್ತದೆ. ಒಂದೇ ಬಣ್ಣದ ಮೂರು ಛಾಯೆಗಳನ್ನು ತಂದು, ಒಳಗೆ ಗಾಢ, ಹೊರಗೆ ತಿಳಿ ಬಣ್ಣ ಇಟ್ಟು ನೋಡಿ. ಸ್ಯಾಟಿನ್ ಪದರಗಳ ನಡುವೆ ಎರಡು ಪದರ ಆರ್ಗಂಜಾ ಸೇರಿಸಿದರೆ ಹೂ ಹಗುರವಾಗಿ ಉಬ್ಬಿಕೊಳ್ಳುತ್ತದೆ.

ಹತ್ತಿ, ರೇಷ್ಮೆ, ಖಣ: ಅಂಚು ಒಳಗೆ ಮುಚ್ಚುವ ಹೂಗಳು

ನನಗೆ ಹೆಚ್ಚು ಇಷ್ಟವಾದದ್ದು ಈ ಭಾಗ. ಬೆಂಕಿ ಇಲ್ಲ, ಅಂಟು ಇಲ್ಲ, ಸೂಜಿ ದಾರ ಅಷ್ಟೇ. ತಿಂಗಳುಗಟ್ಟಲೆ ಬಳಸಿದರೂ ಹೂ ಹಾಗೇ ಇರುತ್ತದೆ.

ಐದೆಸಳಿನ ಹೂವಿಗೆ 8 ಸೆಂ.ಮೀ. ಅಡ್ಡಳತೆಯ ಐದು ವೃತ್ತ ಬೇಕು. ಒಂದೊಂದನ್ನೂ ಸರಿ ಅರ್ಧಕ್ಕೆ ಮಡಚಿ, ಬಟ್ಟೆಯ ಒಳಮೈ ಒಳಗೆ ಹೋಗಲಿ. ಈಗ ದುಂಡಗಿನ ಬದಿಯಲ್ಲಿ ಎರಡು ಕಚ್ಚಾ ಅಂಚುಗಳಿವೆ, ನೇರ ಬದಿಯಲ್ಲಿ ಮಡಿಕೆ ಇದೆ. ದುಂಡಗಿನ ಬದಿಯ ಉದ್ದಕ್ಕೂ, ಅಂಚಿನಿಂದ ಅರ್ಧ ಸೆಂ.ಮೀ. ಒಳಗೆ, ಎರಡೂ ಪದರ ಸೇರಿಸಿ ಕಚ್ಚಾ ಹೊಲಿಗೆ ಹಾಕಿ. ದಾರ ಕತ್ತರಿಸದೆ ಮುಂದಿನ ಅರ್ಧವೃತ್ತಕ್ಕೆ ಹೋಗಿ. ಐದೂ ಒಂದೇ ದಾರದಲ್ಲಿ ಸಾಲಾಗಿ ಬಂದ ಮೇಲೆ ದಾರ ಎಳೆಯಿರಿ. ಅರ್ಧವೃತ್ತಗಳು ನೆರಿಗೆಗಟ್ಟಿ ಎಸಳಾಗುತ್ತವೆ, ಮಡಿಕೆಯ ಬದಿ ಹೊರಗೆ ಅರಳುತ್ತದೆ. ಕೊನೆಯ ಎಸಳನ್ನು ಮೊದಲನೆಯದಕ್ಕೆ ಸೇರಿಸಿ ಗಟ್ಟಿ ಗಂಟು ಹಾಕಿ. ಕಚ್ಚಾ ಅಂಚೆಲ್ಲ ನಡುವಿಗೆ, ಹಿಂದಕ್ಕೆ ಹೋಯಿತು. ಮುಂದೆ ಒಂದು ಬಟ್ಟೆ ಸುತ್ತಿದ ಗುಂಡಿ, ಹಿಂದೆ ಒಂದು ಫೆಲ್ಟ್ ಬಿಲ್ಲೆ ಇಟ್ಟರೆ ಒಂದು ಎಳೆಯೂ ಕಾಣುವುದಿಲ್ಲ.

ಇಲ್ಲಿ ಹೊಲಿಗೆಯ ಉದ್ದ ಮುಖ್ಯ. ಚಿಕ್ಕ ಚಿಕ್ಕ ಹೊಲಿಗೆ ಹಾಕುವುದು ಜಾಣತನ ಅನ್ನಿಸುತ್ತದೆ ಅಲ್ವಾ? ಆದರೆ ಹಾಗೆ ಮಾಡಿದರೆ ನೆರಿಗೆ ಜಾಸ್ತಿಯಾಗಿ ನಡುವೆ ಬಟ್ಟೆ ಗುಡ್ಡೆಯಾಗುತ್ತದೆ, ತೂತು ಮುಚ್ಚುವುದೇ ಇಲ್ಲ. 5 ಮಿ.ಮೀ. ಉದ್ದದ ಹೊಲಿಗೆ ಹಾಕಿ. ನೆರಿಗೆ ಕಡಿಮೆ, ಆಳ ಹೆಚ್ಚು, ನಡು ಬಿಗಿ.

ತೆಳು ಕಾಟನ್ ಎಸಳು ಜೋತು ಬೀಳುತ್ತದೆ. ಅದಕ್ಕೆ ನಮ್ಮ ಮನೆಗಳ ಹಳೆಯ ಉಪಾಯವೇ ಸರಿ, ಗಂಜಿ. ಒಂದು ಲೋಟ ನೀರಿಗೆ ಒಂದು ಚಮಚ ಕಾರ್ನ್‌ಫ್ಲೋರ್ ಅಥವಾ ಮೈದಾ ಗಂಟಿಲ್ಲದಂತೆ ಕದಡಿ, ಪಾರದರ್ಶಕ ಆಗುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ. ಆರಿದ ಮೇಲೆ ಬಟ್ಟೆ ಅದ್ದಿ, ಹಿಂಡಿ, ನೆರಳಲ್ಲಿ ಒಣಗಿಸಿ. ಇನ್ನೂ ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿ, ಆಮೇಲೆ ಅಚ್ಚಿಟ್ಟು ಕತ್ತರಿಸಿ. ಗಂಜಿ ಹಾಕಿದ ಬಟ್ಟೆ ಎಳೆ ಬಿಡುವುದೂ ಕಡಿಮೆ. ಒಂದೇ ತೊಂದರೆ, ತೇವ ಇರುವ ಕಪಾಟಿನಲ್ಲಿಟ್ಟರೆ ಗಂಜಿಯ ಆಸೆಗೆ ಸಿಲ್ವರ್‌ಫಿಶ್‌ನಂಥ ಹುಳ ಬರುತ್ತದೆ. ಹಾಗಾಗಿ ಒಣ ಜಾಗ ಬೇಕು.

ರೇಷ್ಮೆ ಮತ್ತು ಖಣಕ್ಕೆ ಗಂಜಿ ಬೇಡ. ಹಿಂದೆ ಇಸ್ತ್ರಿ ಹಾಕಿದರೆ ಅಂಟುವ ತೆಳು ಕ್ಯಾನ್ವಾಸ್ ಕೊಡಿ. ಖಣದ ಹಿಂಬದಿಯಲ್ಲಿ ನೂಲು ತೇಲಿರುತ್ತದೆ, ಕತ್ತರಿಸಿದ ತಕ್ಷಣ ಬಿಚ್ಚಿಕೊಳ್ಳುತ್ತದೆ. ಕ್ಯಾನ್ವಾಸ್ ಅಂಟಿಸಿ ಆಮೇಲೆ ಕತ್ತರಿಸಿದರೆ ಆ ಕಷ್ಟ ಇಲ್ಲ. ಸಣ್ಣ ಬುಟ್ಟಾ ಇರುವ ಖಣದಲ್ಲಿ ಪ್ರತಿ ಎಸಳಿನ ನಡುವೆ ಒಂದು ಬುಟ್ಟಾ ಬರುವಂತೆ ಅಚ್ಚಿಟ್ಟು ನೋಡಿ. ಬಟ್ಟೆ ಸ್ವಲ್ಪ ಹೆಚ್ಚು ಹೋಗುತ್ತದೆ, ಆದರೆ ಆ ಹೂವಿನ ಕಳೆಯೇ ಬೇರೆ.

ಹಳೆಯ ಮೈಸೂರು ರೇಷ್ಮೆ ಸೀರೆ ಮಡಿಕೆಯಲ್ಲಿ ಹರಿದಿದ್ದರೆ ಗಟ್ಟಿಯಿರುವ ಕಡೆಯಿಂದ ಕ್ರಾಸ್ ಪಟ್ಟಿ ತೆಗೆಯಿರಿ. ಕ್ರಾಸ್ ಎಂದರೆ ನೇಯ್ಗೆಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿದ್ದು. ರವಿಕೆಯ ಕತ್ತಿಗೆ ಟೈಲರ್ ಹಾಕುತ್ತಾರಲ್ಲ, ಅದೇ. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆ ಬಿಡುವುದು ಬಹಳ ಕಡಿಮೆ, ಎಳೆದರೆ ಹಿಗ್ಗುತ್ತದೆ, ದುಂಡಗೆ ಬಾಗುತ್ತದೆ. 5 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದದ ಪಟ್ಟಿಯನ್ನು ಉದ್ದಕ್ಕೆ ಅರ್ಧ ಮಡಚಿ. ಇಸ್ತ್ರಿ ಮಾಡಬೇಡಿ, ಮಡಿಕೆ ಮೆತ್ತಗೇ ಇರಲಿ. ಕಚ್ಚಾ ಅಂಚಿಗೆ ಹೊಲಿಗೆ ಹಾಕಿ ನೆರಿಗೆ ಎಳೆದು ಸುತ್ತಿದರೆ ತುಂಬು ಗುಲಾಬಿ. ಅಜ್ಜಿಯ ಸೀರೆ ಬೀರುವಿನಲ್ಲೇ ಹರಿಯುವ ಬದಲು ಮೊಮ್ಮಗಳ ಮುಡಿಗೆ ಬರುವುದು ನನಗಂತೂ ತುಂಬ ದೊಡ್ಡ ವಿಷಯ.

ಜಪಾನಿನ ಚೌಕದ ಮಡಿಕೆ

ಅಂಚು ಮುಚ್ಚುವ ಕಲೆಯನ್ನು ಎತ್ತರಕ್ಕೆ ಒಯ್ದವರು ಜಪಾನಿನವರು. ಎದೊ ಕಾಲದಿಂದ (1603–1868) ನಡೆದು ಬಂದಿರುವ ‘ತ್ಸುಮಾಮಿ’ ಕಲೆಯಲ್ಲಿ ತೆಳು ರೇಷ್ಮೆಯ ಪುಟ್ಟ ಚೌಕಗಳನ್ನು ಚಿಮಟದಲ್ಲಿ ಮಡಚಿ, ಅಕ್ಕಿಯ ಅಂಟಿನಲ್ಲಿ ನಿಲ್ಲಿಸಿ, ಎಸಳಿನ ಪಕ್ಕ ಎಸಳು ಜೋಡಿಸುತ್ತಾರೆ. ಕ್ಯೋಟೊದ ಮೈಕೊ, ಅಂದರೆ ಗೇಶಾ ಆಗಲು ಕಲಿಯುತ್ತಿರುವ ಹುಡುಗಿಯರು, ಮುಡಿಗೆ ಸಿಗಿಸುವ ‘ಕಂಜಾಶಿ’ ಹೀಗೆ ಆಗುತ್ತದೆ. ತಿಂಗಳು ಬದಲಾದಂತೆ ಹೂವೂ ಬದಲಾಗುತ್ತದೆ: ಫೆಬ್ರವರಿಯಲ್ಲಿ ಪ್ಲಮ್, ಏಪ್ರಿಲ್‌ನಲ್ಲಿ ಚೆರ್ರಿ, ನವೆಂಬರ್‌ನಲ್ಲಿ ಮೇಪಲ್ ಎಲೆ.

ಅದರ ಸುಲಭ ರೂಪವನ್ನು ನಾವು ರಿಬ್ಬನ್ನಿನಲ್ಲಿ ಮಾಡಬಹುದು. 2 ಇಂಚಿನ ಸ್ಯಾಟಿನ್ ರಿಬ್ಬನ್ನಿನಿಂದ 2 ಇಂಚು ಉದ್ದ ಕತ್ತರಿಸಿದರೆ ಚೌಕ ಸಿದ್ಧ. ಹೊಳಪು ಹೊರಗೆ ಬರುವಂತೆ ಮೂಲೆಯಿಂದ ಮೂಲೆಗೆ ಮಡಚಿ ತ್ರಿಕೋನ ಮಾಡಿ. ಮಡಿಕೆ ಮೇಲೆ, ತೆರೆದ ತುದಿ ಕೆಳಗೆ ಇರಲಿ. ಎಡ, ಬಲ ಮೂಲೆಗಳನ್ನು ಕೆಳಗಿನ ತುದಿಗೆ ತನ್ನಿ, ಮತ್ತೆ ಪುಟ್ಟ ಚೌಕ ಆಯಿತು. ಈಗ ಈ ಚೌಕದ ಎಡ, ಬಲ ಮೂಲೆಗಳನ್ನು ಹಿಂದಕ್ಕೆ ಬಾಗಿಸಿ ಒಂದಕ್ಕೊಂದು ತಾಗಿಸಿ, ಚಿಮಟದಲ್ಲಿ ಬುಡ ಹಿಡಿಯಿರಿ. ಕೆಳಗಿನ ತುದಿ ಸ್ವಲ್ಪ ಕತ್ತರಿಸಿ, ಸುಟ್ಟು, ಬಿಸಿ ಇರುವಾಗಲೇ ಚಿಮಟದಲ್ಲಿ ಒತ್ತಿದರೆ ಪದರಗಳು ಅಂಟಿಕೊಳ್ಳುತ್ತವೆ. ಮುಂದಿನ ಸಂದಿನಲ್ಲಿ ಬೆರಳಿಟ್ಟು ಮೆಲ್ಲಗೆ ಉಬ್ಬಿಸಿ. ದುಂಡನೆಯ ಎಸಳು!

ಇಂಥ ಐದು ಅಥವಾ ಆರು ಎಸಳನ್ನು ಬುಡದಲ್ಲಿ ದಾರದಿಂದ ಪೋಣಿಸಿ ಎಳೆದು ಕಟ್ಟಿ. ಮತ್ತೆ ಚೌಕ ಮಾಡದೆ, ತ್ರಿಕೋನವನ್ನೇ ಅರ್ಧರ್ಧಕ್ಕೆ ಮಡಚಿ ಚಿಕ್ಕ ತ್ರಿಕೋನ ಮಾಡುತ್ತ ಹೋದರೆ ಚೂಪು ಎಸಳು ಬರುತ್ತದೆ, ಸೇವಂತಿಗೆಗೆ ಅದೇ ಒಪ್ಪುತ್ತದೆ. ಚೌಕಗಳು ಎಲ್ಲವೂ ಒಂದೇ ಅಳತೆ ಇರಬೇಕು. ಗುಲಾಬಿಯಲ್ಲಿ ಕೊಟ್ಟ ಸಲಿಗೆ ಇಲ್ಲಿ ಇಲ್ಲ.

ರಿಬ್ಬನ್ ಮಲ್ಲಿಗೆ ದಂಡೆ

ಹೂ ಕಟ್ಟಲು ಬರುವವರಿಗೆ ಇದು ಅರ್ಧ ಗೊತ್ತಿರುವ ಕೆಲಸವೇ. ತಾಜಾ ಮಲ್ಲಿಗೆ ಸಿಗದ ಊರುಗಳಲ್ಲಿರುವ ಕನ್ನಡದವರಿಗೆ, ಭರತನಾಟ್ಯದ ಮಕ್ಕಳಿಗೆ, ಮೊಗ್ಗಿನ ಜಡೆ ಹಾಕಿ ಫೋಟೊ ತೆಗೆಸುವವರಿಗೆ ಬಹಳ ಉಪಯೋಗ.

ಕಾಲು ಇಂಚಿನ, ಎರಡೂ ಕಡೆ ಹೊಳಪಿರುವ ರಿಬ್ಬನ್ ತೆಗೆದುಕೊಳ್ಳಿ. ಬಣ್ಣ ಅಚ್ಚ ಬಿಳಿ ಬೇಡ, ಕೆನೆ ಬಣ್ಣ ಇರಲಿ. ಅಚ್ಚ ಬಿಳಿ ಹೊಳೆಯುವ ರಿಬ್ಬನ್ ಎಷ್ಟು ಮಾಡಿದರೂ ಪ್ಲಾಸ್ಟಿಕ್ಕಿನಂತೆಯೇ ಕಾಣುತ್ತದೆ. 6 ಸೆಂ.ಮೀ. ತುಂಡು ಮಾಡಿ, ಸರಿಯಾಗಿ ನಡುವೆ ಒಂದು ಗಂಟು ಹಾಕಿ. ತುಂಬ ಬಿಗಿಯಬೇಡಿ, ಗಂಟು ದುಂಡಗೆ ಉಬ್ಬಿರಲಿ. ಅದೇ ಮೊಗ್ಗು. ಎರಡು ಬಾಲಗಳನ್ನೂ ಕೆಳಕ್ಕೆ ಸೇರಿಸಿ, ಬುಡಕ್ಕೆ ತಿಳಿ ಹಸಿರು ದಾರ ನಾಲ್ಕು ಸುತ್ತು ಸುತ್ತಿ. ತೊಟ್ಟು ಬಂತು.

ಆಮೇಲೆ ಮಲ್ಲಿಗೆ ಕಟ್ಟುವಂತೆಯೇ. ಬಾಳೆನಾರಿನ ಬದಲು ಹಸಿರು ಹತ್ತಿ ದಾರ. ಎರಡು ಮೊಗ್ಗು ಆ ಕಡೆ, ಎರಡು ಈ ಕಡೆ, ತೊಟ್ಟುಗಳು ನಡುವೆ ಒಂದರ ಮೇಲೊಂದು. ದಾರ ಸುತ್ತಿ, ಕುಣಿಕೆ ಹಾಕಿ ಎಳೆಯಿರಿ. ನಿಜವಾದ ಹೂವಾದರೆ ತೊಟ್ಟು ಮುರಿಯುತ್ತದೆಂದು ಹೆದರಬೇಕು, ಇಲ್ಲಿ ಧೈರ್ಯವಾಗಿ ಬಿಗಿಯಬಹುದು. ಸೆಂಟಿಮೀಟರಿಗೆ ಒಂದು ಕಟ್ಟು ಹಾಕಿದರೆ, 45 ಸೆಂ.ಮೀ. ಅಂದರೆ ಸುಮಾರು ಒಂದು ಮೊಳಕ್ಕೆ 180 ಮೊಗ್ಗು ಬೇಕು, ರಿಬ್ಬನ್ 11 ಮೀಟರ್ ಹಿಡಿಯುತ್ತದೆ. ಲೆಕ್ಕ ಮೊದಲೇ ಹಾಕಿ ತನ್ನಿ. ನಡುವೆ ರಿಬ್ಬನ್ ಮುಗಿದು ಮತ್ತೆ ತಂದರೆ ಅದೇ ಕೆನೆ ಬಣ್ಣ ಸಿಗುವುದು ಕಷ್ಟ. ನಾಲ್ಕು ಬೆರಳಿಗೊಮ್ಮೆ ಕನಕಾಂಬರ ಬಣ್ಣದ ರಿಬ್ಬನ್ನಿನ ಒಂದು ಕಟ್ಟು ಸೇರಿಸಿದರೆ ದಂಡೆ ಎದ್ದು ಕಾಣುತ್ತದೆ.

ಹಿಂಬದಿ, ಕ್ಲಿಪ್ಪು, ಅಂಟು

ಒಳ್ಳೆಯ ಹೂ ಯಾವುದೆಂದು ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ಹೂವಿನ ಬುಡಕ್ಕಿಂತ ಸ್ವಲ್ಪ ದೊಡ್ಡದಾದ, ಎಸಳಿನಿಂದ ಆಚೆ ಕಾಣದಷ್ಟು ಚಿಕ್ಕದಾದ ಫೆಲ್ಟ್ ಬಿಲ್ಲೆ ಕತ್ತರಿಸಿ. ಕ್ಲಿಪ್ ಹಾಕುವುದಿದ್ದರೆ ಬಿಲ್ಲೆಯಲ್ಲಿ ಎರಡು ಸಣ್ಣ ಸೀಳು ಕೊಟ್ಟು, ಕ್ಲಿಪ್ಪಿನ ಮೇಲಿನ ಪಟ್ಟಿಯನ್ನು ತೂರಿಸಿ, ಆಮೇಲೆ ಹೂವಿಗೆ ಸೇರಿಸಿ. ಹೀಗೆ ಮಾಡಿದ ಕ್ಲಿಪ್ ಅಂಟು ಬಿಟ್ಟರೂ ಕಳಚಿ ಬೀಳುವುದಿಲ್ಲ.

ಹೂವಿನ ಕೆಲಸ ದಾರದಿಂದ, ಹಿಂಬದಿಯ ಕೆಲಸ ಅಂಟಿನಿಂದ, ಇದು ನಾನು ಪಾಲಿಸುವ ನಿಯಮ. ಎಸಳನ್ನೇ ಗ್ಲೂ ಗನ್‌ನಿಂದ ಅಂಟಿಸಿದರೆ ಬೇಗ ಮುಗಿಯುತ್ತದೆ ನಿಜ. ಆದರೆ ತೆಳು ಬಟ್ಟೆಯಲ್ಲಿ ಅಂಟಿನ ಕಲೆ ಮುಂದೆ ಮೂಡುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿಟ್ಟರೆ ಅಂಟು ಮೆದುವಾಗಿ ಎಸಳು ಜಾರುತ್ತದೆ. ರೇಷ್ಮೆಗೆ ಬಿಸಿ ಅಂಟು ಬೇಡವೇ ಬೇಡ, ಬಟ್ಟೆಯ ಅಂಟು ತೆಳುವಾಗಿ ಸವರಿ.

ಎಲೆಗೆ ಹಸಿರು ರಿಬ್ಬನ್ 6 ಸೆಂ.ಮೀ. ಸಾಕು. ಎರಡೂ ತುದಿಗಳನ್ನು ನಡುವಿನಿಂದ ಓರೆಯಾಗಿ ಕೆಳಕ್ಕೆ ಮಡಚಿ, ಬುಡಕ್ಕೆ ನೆರಿಗೆ ಹೊಲಿಗೆ ಎಳೆಯಿರಿ. ಒಂದು ಹೂವಿಗೆ ಎರಡೇ ಎಲೆ. ಹೆಚ್ಚಾದರೆ ಹೂ ಮುಚ್ಚಿ ಹೋಗುತ್ತದೆ.

ಮೂರು ವರ್ಷದೊಳಗಿನ ಮಕ್ಕಳಿಗೆ ಮಾಡುವ ಹೂವಿಗೆ ಮುತ್ತು, ಗುಂಡಿ ಹಾಕಬೇಡಿ. ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಬಹುದು. ನಡುವಿಗೆ ಅದೇ ಬಟ್ಟೆಯ ಚೂರು ತುಂಬಿದ ಪುಟ್ಟ ಉಂಡೆ ಹೊಲಿಯಿರಿ.

ಕಾಪಾಡಿಕೊಳ್ಳುವುದು

ಧೂಳು ಕೂತರೆ ಹೇರ್ ಡ್ರೈಯರಿನ ತಣ್ಣನೆಯ ಗಾಳಿ ಅಥವಾ ಮೆತ್ತನೆಯ ಬ್ರಷ್ ಸಾಕು. ಪಾಲಿಯೆಸ್ಟರ್ ಹೂವನ್ನು ತಣ್ಣೀರಿಗೆ ಎರಡು ಹನಿ ಶಾಂಪೂ ಹಾಕಿ ಅದ್ದಿ ತೆಗೆಯಬಹುದು, ಹಿಂಡಬೇಡಿ. ರೇಷ್ಮೆ, ಖಣ, ಗಂಜಿ ಹಾಕಿದ ಕಾಟನ್ ಹೂಗಳಿಗೆ ನೀರು ತಾಗಬಾರದು.

ಇಡುವಾಗ ಒಂದರ ಮೇಲೊಂದು ಪೇರಿಸಬೇಡಿ. ಸಿಹಿತಿಂಡಿಯ ರಟ್ಟಿನ ಡಬ್ಬದಲ್ಲಿ ಹಳೆಯ ಪಂಚೆಯ ಬಟ್ಟೆ ಹಾಸಿ, ಮುಖ ಮೇಲಾಗಿ ಸಾಲಾಗಿ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ರೇಷ್ಮೆ ಬೇಡ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ.

ಎಸಳು ಒತ್ತಿ ಚಪ್ಪಟೆಯಾಗಿದ್ದರೆ ನೀರು ಕುದಿಯುವ ಪಾತ್ರೆಯ ಹಬೆಗೆ ಒಂದಡಿ ದೂರದಲ್ಲಿ ಕೆಲವು ಸೆಕೆಂಡು ಹಿಡಿಯಿರಿ. ಹೂವನ್ನು ಚಿಮಟದಲ್ಲಿ ಹಿಡಿದರೆ ಕೈಗೆ ಹಬೆ ತಗುಲುವುದಿಲ್ಲ. ರೇಷ್ಮೆಯನ್ನು ಇನ್ನೂ ಸ್ವಲ್ಪ ದೂರ ಹಿಡಿಯಿರಿ, ಹನಿ ಬಿದ್ದರೆ ಕಲೆಯಾಗುತ್ತದೆ. ಹಬೆಯಿಂದ ತೆಗೆದ ಕೂಡಲೇ ಒಂದೊಂದೇ ಎಸಳನ್ನು ಬೆರಳಲ್ಲಿ ಬಾಗಿಸಿ, ಬೇಕಾದ ಆಕಾರದಲ್ಲಿ ಹಾಗೇ ಆರಲು ಬಿಡಿ.